ಪರಿಸರ ವ್ಯವಸ್ಥೆಯೋ ಮನೆವಾರ್ತೆಯೋ: ನಾವೀನ್ಯದ ಪರಿಭಾಷೆಗೆ ಉಡುಪಿ ಸೀಮೆಯಿಂದ ಒಂದು ದೈವಶಾಸ್ತ್ರೀಯ ವಿಮರ್ಶೆ

ಕಳೆದ ಹತ್ತು ಹದಿನೈದು ವರ್ಷಗಳಿಂದ ಸರಕಾರಿ ಪ್ರಕಟಣೆಗಳಲ್ಲಿಯೂ ಘಟಿಕೋತ್ಸವದ ಭಾಷಣಗಳಲ್ಲಿಯೂ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: "ನಾವೀನ್ಯದ ಪರಿಸರ ವ್ಯವಸ್ಥೆ". ವಿಶ್ವವಿದ್ಯಾನಿಲಯ, ಬಂಡವಾಳ ಹೂಡುವವರು, ನವೋದ್ಯಮಗಳು, ಸರಕಾರದ ಧನಸಹಾಯ, ತರಬೇತಿ ಹೊಂದಿದ ತರುಣರು ಇವೆಲ್ಲವೂ ಒಂದು ಕೆರೆಯ ಮೀನು, ಪಾಚಿ, ಕೊಕ್ಕರೆಗಳಂತೆ ಒಂದನ್ನೊಂದು ಪೋಷಿಸುತ್ತ ಬೆಳೆಯುತ್ತವೆ ಎಂಬುದು ಈ ಮಾತಿನ ಭಾವ. ಉಡುಪಿ ಜಿಲ್ಲೆಗೆ ಇದು ದೂರದ ಮಾತಲ್ಲ. ಮಣಿಪಾಲದಲ್ಲಿಯೂ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿಯೂ ಹೊಸ ಉದ್ದಿಮೆಗಳಿಗೆ ಕಾವು ಕೊಡುವ ಇನ್‌ಕ್ಯುಬೇಷನ್ ಕೇಂದ್ರಗಳಿವೆ. ಉಡುಪಿಯಲ್ಲಿಯೇ ಕುಳಿತು ಹೊರದೇಶಗಳಿಗೆ ಸಾಫ್ಟ್‌ವೇರ್ ರಚಿಸಿಕೊಡುವ ಕಂಪೆನಿಗಳಿವೆ. ನಮ್ಮ ಸಭೆಗಳ ಮಕ್ಕಳು ಅಲ್ಲಿ ಕಲಿಯುತ್ತಾರೆ, ಕಲಿಸುತ್ತಾರೆ, ದುಡಿಯುತ್ತಾರೆ.

ಆದುದರಿಂದ ಈ ಮಾತು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ವಿಚಾರಿಸುವುದು ದೈವಶಾಸ್ತ್ರದ ಕೆಲಸಕ್ಕೆ ಹೊರತಾದುದಲ್ಲ. ಈ ಲೇಖನದಲ್ಲಿ ನಮ್ಮ ವಾದ ಇಷ್ಟೇ. ಪರಿಸರ ವ್ಯವಸ್ಥೆ ಎಂಬ ರೂಪಕದಲ್ಲಿ ಯಾರೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಕನ್ನಡ ಸತ್ಯವೇದ ನಮಗೆ ಕೊಟ್ಟಿರುವ "ಮನೆವಾರ್ತೆ" ಎಂಬ ಹಳೆಯ ಪದದಲ್ಲಾದರೋ ಲೆಕ್ಕ ಒಪ್ಪಿಸುವುದೇ ಜೀವಾಳ. ರಾಷ್ಟ್ರದ ತಾಂತ್ರಿಕ ಅಭಿವೃದ್ಧಿಯನ್ನು ಸಭೆಯು ಯಾವ ಪದದಿಂದ ಅಳೆಯುತ್ತದೆ ಎಂಬುದರ ಮೇಲೆ ಸಭೆಯು ಯಾರ ಪಕ್ಕದಲ್ಲಿ ನಿಲ್ಲುತ್ತದೆ ಎಂಬುದೂ ನಿರ್ಧಾರವಾಗುತ್ತದೆ.

ನೀತಿಪತ್ರಗಳ ಭಾಷೆ

ಮೊದಲು ರಾಷ್ಟ್ರದ ನೀತಿಪತ್ರಗಳನ್ನೇ ಗಮನಿಸೋಣ. 1958ರ ಮಾರ್ಚ್ 4ರ ವೈಜ್ಞಾನಿಕ ನೀತಿ ನಿರ್ಣಯವು ತಂತ್ರಜ್ಞಾನ, ಕಚ್ಚಾವಸ್ತು, ಬಂಡವಾಳ ಈ ಮೂರರ ಕೂಟದಲ್ಲಿ ರಾಷ್ಟ್ರದ ಏಳಿಗೆಯ ಕೀಲಿಕೈಯನ್ನು ಕಂಡಿತು. ಮೂರರಲ್ಲಿ ತಂತ್ರಜ್ಞಾನಕ್ಕೆ ಮೊದಲ ಸ್ಥಾನ ಕೊಟ್ಟಿತು. ವಿಜ್ಞಾನದ ಫಲಗಳು ಜನರಿಗೆ ದೊರೆಯಬೇಕೆಂದಿತು. ಸ್ವಾತಂತ್ರ್ಯದ ಹೊಸತರ ಆ ಬರವಣಿಗೆಯಲ್ಲಿ ಒಂದು ಪ್ರಾಮಾಣಿಕ ಹುಮ್ಮಸ್ಸಿದೆ. ಆದರೆ ಅಲ್ಲಿ ಜನರು ಫಲವನ್ನು ಪಡೆಯುವವರೇ ಹೊರತು ನಿರ್ಧರಿಸುವವರಲ್ಲ. 1983ರ ತಂತ್ರಜ್ಞಾನ ನೀತಿ ಹೇಳಿಕೆ ಒಂದು ಹೆಜ್ಜೆ ಮುಂದಿಟ್ಟಿತು. ಸ್ವಾವಲಂಬನೆ, ಸ್ತ್ರೀಯರಿಗೂ ದುರ್ಬಲ ವರ್ಗದವರಿಗೂ ಉದ್ಯೋಗ, ಪರಂಪರೆಯಿಂದ ಬಂದ ಕೌಶಲಗಳ ಬಳಕೆ, ಪರಿಸರದೊಂದಿಗೆ ಹೊಂದಾಣಿಕೆ ಇವೆಲ್ಲ ಅದರ ಉದ್ದೇಶಗಳಲ್ಲಿ ಸೇರಿದ್ದವು. 2013ರ ನೀತಿಯಲ್ಲಿ ವಿಜ್ಞಾನ, ತಂತ್ರಜ್ಞಾನಗಳ ಜೊತೆಗೆ "ನಾವೀನ್ಯ" ಎಂಬ ಪದ ಶೀರ್ಷಿಕೆಗೇ ಏರಿತು. ಎಲ್ಲರನ್ನೂ ಒಳಗೊಳ್ಳುವ ಬೆಳವಣಿಗೆ ಎಂಬ ಆಶಯವನ್ನು ಅದೂ ಬರೆದುಕೊಂಡಿದೆ. ಆದರೆ ಎದ್ದು ಕಾಣುವ ಗುರಿಗಳು ಬೇರೆ: ಸಂಶೋಧನೆಗೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 2ರಷ್ಟು ವೆಚ್ಚ, 2020ರೊಳಗೆ ಲೋಕದ ಮೊದಲ ಐದು ವೈಜ್ಞಾನಿಕ ಶಕ್ತಿಗಳಲ್ಲಿ ಒಂದು ಸ್ಥಾನ. ಅಳೆಯಲು ಸುಲಭವಾದುದು ಗುರಿಯಾಯಿತು; ಅಳೆಯಲು ಕಷ್ಟವಾದುದು ಆಶಯವಾಗಿಯೇ ಉಳಿಯಿತು. 2016ರಲ್ಲಿ ನವೋದ್ಯಮಗಳ ರಾಷ್ಟ್ರೀಯ ಕಾರ್ಯಕ್ರಮವೂ ಅಟಲ್ ನಾವೀನ್ಯ ಮಿಷನ್ ಕಾರ್ಯಕ್ರಮವೂ ಆರಂಭವಾದ ಮೇಲೆ "ಪರಿಸರ ವ್ಯವಸ್ಥೆ"ಯ ಭಾಷೆ ಸಾರ್ವತ್ರಿಕವಾಯಿತು.

ಈ ರೂಪಕ ಬಂದ ದಾರಿಯನ್ನು ಗಮನಿಸುವುದು ಅವಶ್ಯ. 1935ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಆರ್ಥರ್ ಟ್ಯಾನ್ಸ್ಲಿ ಜೀವಿಗಳೂ ಅವು ಬಾಳುವ ಮಣ್ಣು, ನೀರು, ಗಾಳಿಗಳೂ ಸೇರಿದ ಒಟ್ಟನ್ನು ಸೂಚಿಸಲು ಈ ಪದವನ್ನು ಬಳಸಿದರು. 1993ರಲ್ಲಿ ಅಮೆರಿಕದ ಜೇಮ್ಸ್ ಮೂರ್ ಅದನ್ನು ವ್ಯಾಪಾರದ ಜಗತ್ತಿಗೆ ತಂದರು. ಅವರ ಲೇಖನದ ತಲೆಬರಹದಲ್ಲಿಯೇ ಬೇಟೆಯಾಡುವ ಪ್ರಾಣಿಯೂ ಬೇಟೆಗೆ ಬಲಿಯಾಗುವ ಪ್ರಾಣಿಯೂ ಇದ್ದವು. ಕಾಡಿನಲ್ಲಿ ಹುಲಿ ಜಿಂಕೆಯನ್ನು ತಿಂದರೆ ಅದು ಪಾಪವಲ್ಲ. ಅಲ್ಲಿ ಅಪರಾಧಿಯೂ ಇಲ್ಲ, ನ್ಯಾಯಾಸನವೂ ಇಲ್ಲ. ಈ ನಿರಪರಾಧವನ್ನು ಮನುಷ್ಯರ ಆರ್ಥಿಕ ವ್ಯವಹಾರಕ್ಕೆ ಎರವಲು ತಂದಾಗಲೇ ತೊಡಕು ಹುಟ್ಟುತ್ತದೆ. ಹಳೆಯದನ್ನು ಒಡೆದೇ ಹೊಸದು ಬರುತ್ತದೆ ಎಂಬ ಶುಂಪೀಟರ್ 1942ರಲ್ಲಿ ಮಂಡಿಸಿದ ವಿಚಾರ ಇದರೊಂದಿಗೆ ಸೇರಿದರೆ, ಒಡೆದುಹೋದದ್ದು ಯಾರ ಬದುಕು ಎಂದು ಕೇಳುವವನು ಪ್ರಕೃತಿನಿಯಮವನ್ನು ಅರಿಯದ ಮೂಢನಂತೆ ಕಾಣುತ್ತಾನೆ.

ತತ್ತ್ವಜ್ಞರ ಉತ್ತರಗಳು

ಇಪ್ಪತ್ತನೆಯ ಶತಮಾನದ ಚಿಂತಕರು ಈ ಅಪಾಯವನ್ನು ಕಂಡಿರಲಿಲ್ಲವೆಂದಲ್ಲ. ಗಾಂಧೀಜಿ 1909ರ "ಹಿಂದ್ ಸ್ವರಾಜ್" ಕೃತಿಯಲ್ಲಿ ಯಂತ್ರನಾಗರಿಕತೆಯನ್ನೇ ಪ್ರಶ್ನಿಸಿದರು. ಫ್ರಾನ್ಸಿನ ಸುಧಾರಿತ ಸಭೆಯ ಚಿಂತಕ ಝಾಕ್ ಎಲ್ಯೂಲ್ 1954ರಲ್ಲಿ, ತಂತ್ರವು ದಕ್ಷತೆಯೊಂದನ್ನೇ ಮಾನದಂಡವಾಗಿ ಹಿಡಿದು ಮನುಷ್ಯನ ಹತೋಟಿಯನ್ನು ಮೀರಿ ತಾನೇ ತಾನಾಗಿ ಬೆಳೆಯುತ್ತದೆ ಎಂದು ವಾದಿಸಿದರು. ಅದೇ ವರ್ಷ ಪ್ರಕಟವಾದ ಪ್ರಬಂಧದಲ್ಲಿ ಹೈಡೆಗರ್, ಆಧುನಿಕ ತಂತ್ರಜ್ಞಾನದ ಕಣ್ಣಿಗೆ ನದಿ, ಕಾಡು, ಕೊನೆಗೆ ಮನುಷ್ಯನೂ ಬಳಕೆಗಾಗಿ ಕಾದಿರುವ ದಾಸ್ತಾನಾಗಿ ತೋರುತ್ತಾನೆ ಎಂದರು. ನಮ್ಮ ದೇಶದ ಎಂ. ಎಂ. ಥಾಮಸ್ ಬೇರೊಂದು ಮಗ್ಗುಲನ್ನು ಎತ್ತಿ ತೋರಿಸಿದರು. ಏಷ್ಯಾದ ಜನಕ್ರಾಂತಿಗಳಲ್ಲಿಯೂ ವಿಜ್ಞಾನ ತಂತ್ರಜ್ಞಾನಗಳಲ್ಲಿಯೂ ಮನುಷ್ಯನ ಬಿಡುಗಡೆಯ ಸಾಧ್ಯತೆಗಳಿವೆ, ಸಭೆಯು ಅವುಗಳಿಂದ ಹಿಂಜರಿಯದೆ ಅವುಗಳ ನಡುವೆ ಕ್ರಿಸ್ತನ ಕಾರ್ಯವನ್ನು ಗುರುತಿಸಬೇಕು ಎಂಬುದು ಅವರ ನಿಲುವು.

ಇವರೆಲ್ಲರಿಂದಲೂ ನಾವು ಕಲಿಯಬೇಕಾದುದಿದೆ. ಆದರೂ ಎಲ್ಯೂಲರ ಒಂದು ಮಾತನ್ನು ನಮ್ಮ ಕರಾವಳಿಯಲ್ಲಿ ನಿಂತು ಒಪ್ಪುವುದು ಕಷ್ಟ. ಇಲ್ಲಿ ತಂತ್ರವು ತಾನಾಗಿ ಬೆಳೆದದ್ದನ್ನು ನಾವು ಕಾಣೆವು. ಯಾರೋ ಸಾಲ ಮಂಜೂರು ಮಾಡಿದರು, ಯಾರೋ ಭೂಸ್ವಾಧೀನದ ಅಧಿಸೂಚನೆಗೆ ಸಹಿ ಹಾಕಿದರು, ಯಾರೋ ಪರವಾನಗಿ ಕೊಟ್ಟರು. ನಿರ್ಧಾರಗಳಿಗೆ ಕೈಗಳಿದ್ದವು. ತಂತ್ರವೇ ವಿಧಿಯೆಂದು ಹೆದರುವವನೂ, ಅದೇ ವಿಕಾಸವೆಂದು ಹರಸುವವನೂ ಆ ಕೈಗಳನ್ನು ಮರೆಮಾಡುವುದರಲ್ಲಿ ಒಂದೇ. ಈ ಮಾತನ್ನು ಪರೀಕ್ಷಿಸಲು ಉಡುಪಿ ಸೀಮೆಯ ಚರಿತ್ರೆಯನ್ನೇ ಓದೋಣ. ನ್ಯಾಯತೀರ್ಪು ದೇವರ ಮನೆಯಿಂದಲೇ ಆರಂಭವಾಗಬೇಕಾದುದರಿಂದ ನಮ್ಮ ಸಭೆಯ ಚರಿತ್ರೆಯಿಂದಲೇ ತೊಡಗುವುದು ಉಚಿತ.

ಹಂಚು ಮತ್ತು ಮಗ್ಗ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳಿಗೆ ಉದ್ಯಮ ನಡೆಸುವ ಯೋಜನೆಯೇನೂ ಇರಲಿಲ್ಲ. ದೀಕ್ಷಾಸ್ನಾನ ಹೊಂದಿದವರು ಮನೆಯಿಂದಲೂ ಒಕ್ಕಲಿನ ಭೂಮಿಯಿಂದಲೂ ಹೊರಬಿದ್ದರು. ಶೇಂದಿ ತೆಗೆಯುತ್ತಿದ್ದವರು ಆ ಕಸುಬನ್ನು ಬಿಡಬೇಕಾಯಿತು. ಅವರ ಹೊಟ್ಟೆಯ ಪ್ರಶ್ನೆಯೇ ಮಿಷನನ್ನು ಕೈಗಾರಿಕೆಗೆ ದೂಡಿತು. 1851ರಲ್ಲಿ ಬಂದ ನೇಕಾರ ಹಾಲರ್ ಮಗ್ಗಗಳನ್ನು ಸುಧಾರಿಸಿದರು; ಕಾಕಿ ಬಣ್ಣದ ಬಟ್ಟೆಯ ಕತೆಯೂ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. 1886ರಲ್ಲಿ ಉಡುಪಿಯ ಪಕ್ಕದ ಮಲ್ಪೆಯಲ್ಲಿಯೂ ಮಿಷನ್ ಹಂಚಿನ ಕಾರ್ಖಾನೆ ಎದ್ದಿತು. ಮುಳಿಹುಲ್ಲಿನ ಮಾಡುಗಳ ಜಾಗದಲ್ಲಿ ಕೆಂಪು ಹಂಚಿನ ಮಾಡುಗಳು ಬಂದವು.

ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪರಿಪೂರ್ಣವಾದೊಂದು ನಾವೀನ್ಯ: ಯುರೋಪಿನ ಮಾದರಿ, ಇಲ್ಲಿಯ ಆವೆಮಣ್ಣು, ಇಲ್ಲಿಯ ಮಳೆಗೆ ಹೊಂದುವ ವಸ್ತು, ಕುಶಲಿಗಳಾದ ಕೆಲಸಗಾರರು. ಆದರೆ ಅದು ಹುಟ್ಟಿದ್ದು ಮಾರುಕಟ್ಟೆಯ ಅವಕಾಶವನ್ನು ಅರಸಿ ಅಲ್ಲ, ನೆರೆಯವನ ಕೊರತೆಗೆ ಉತ್ತರವಾಗಿ. ಇಷ್ಟನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಆತ್ಮಪ್ರಶಂಸೆಯಾದೀತು. ಹಂಚಿನ ಗೂಡುಗಳು ಅಪಾರ ಸೌದೆಯನ್ನು ಸುಟ್ಟವು. ಆ ಮರಗಳ ಲೆಕ್ಕವನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕಾಕಿ ಬಟ್ಟೆ ಪೊಲೀಸರ ಮೈಮೇಲೆಯೂ ಸಾಮ್ರಾಜ್ಯದ ಸೈನಿಕರ ಮೈಮೇಲೆಯೂ ಏರಿತು. ಅನ್ನ ಕೊಡುವ ಯಜಮಾನನೂ ಆತ್ಮಗಳನ್ನು ಕಾಯುವ ಉಪದೇಶಕನೂ ಒಂದೇ ಮಿಷನಿನವರಾದಾಗ ಕೆಲಸಗಾರನ ಬಾಯಿ ಎಷ್ಟು ತೆರೆದೀತು? ಲಾಭವೂ ಸುವಾರ್ತೆಯೂ ಒಂದೇ ನೊಗಕ್ಕೆ ಹೂಡಲ್ಪಟ್ಟಾಗ ಹುಟ್ಟುವ ಮುಜುಗರ ಮಿಷನಿಗೂ ತಿಳಿದಿತ್ತು. 1859ರಲ್ಲಿ ವ್ಯಾಪಾರಕ್ಕಾಗಿ ಬೇರೆ ಕಂಪೆನಿ ರೂಪುಗೊಂಡದ್ದು ಅದರ ಒಂದು ಗುರುತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕೆಲಸಗಾರರನ್ನು ಆಗ ಯಾರೂ ಕೇಳಲಿಲ್ಲ. ನೆರೆಯವನಿಗಾಗಿ ಕಟ್ಟಿದ್ದನ್ನು ನೆರೆಯವನ ಕೈಗೆ ಒಪ್ಪಿಸದೆ ಇದ್ದದ್ದು ಆ ಪ್ರಯತ್ನದ ಮುಖ್ಯ ಕೊರತೆ ಎಂದು ನಾವು ಭಾವಿಸುತ್ತೇವೆ.

ಎರಡಾಣೆಯ ಉಳಿತಾಯ

ಹಂಚಿನಂತೆ ಮಗ್ಗದ ಕತೆಯೂ ಮಿಷನಿನ ಆಚೆಗೆ ಮುಂದುವರಿಯಿತು. ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದಲ್ಲಿ ಈ ಸೀಮೆಯ ಕೈಮಗ್ಗದ ನೇಕಾರರು ಸಂಕಷ್ಟಕ್ಕೆ ಸಿಲುಕಿದರು. ಅವರಿಗೆ ಆಸರೆಯಾಗಬೇಕೆಂದು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಕಟ್ಟಿದರು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು: ಬ್ಯಾಂಕಿನ ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಬರೆದುಕೊಳ್ಳುವ ಪದ್ಧತಿ. ಹೊಸ ಯಂತ್ರವಿಲ್ಲ, ಪೇಟೆಂಟಿಲ್ಲ. ಬ್ಯಾಂಕಿನ ಮೆಟ್ಟಿಲೇರಲು ಅಂಜುತ್ತಿದ್ದವನ ಬಳಿಗೆ ಬ್ಯಾಂಕೇ ನಡೆದುಹೋಯಿತು, ಅಷ್ಟೇ. ನಮ್ಮ ದೃಷ್ಟಿಯಲ್ಲಿ ಈ ಸೀಮೆ ಲೋಕಕ್ಕೆ ಕೊಟ್ಟ ಶ್ರೇಷ್ಠ ನಾವೀನ್ಯಗಳಲ್ಲಿ ಇದೊಂದು. ದಿನದಿನವೂ ಕೈಯಿಂದ ಕೈಗೆ ದಾಟುವ ಆ ಪುಸ್ತಕದಲ್ಲಿ ಲೆಕ್ಕ ಎರಡೂ ಕಡೆಯವರ ಕಣ್ಣೆದುರಿಗಿತ್ತು.

ಅದೇ ಕೈಗಳು ಮಣ್ಣಪಳ್ಳದ ಬೋಳುಗುಡ್ಡವನ್ನು ಮಣಿಪಾಲವಾಗಿ ಬೆಳೆಸಿದವು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ಸರಕಾರದ ಹಣ ಬರುವುದನ್ನು ಕಾಯದೆ ವೈದ್ಯಶಿಕ್ಷಣವನ್ನು ಕಟ್ಟಬಹುದೆಂದು ತೋರಿಸಿದ ಆ ಸಾಹಸದಿಂದ ಈ ಜಿಲ್ಲೆಯಲ್ಲಿ ಉಳಿದ ಜೀವಗಳನ್ನು ಎಣಿಸಲಾಗದು. ಆದರೆ ವಿದ್ಯಾರ್ಥಿಯ ಹಣದಿಂದಲೇ ನಡೆಯುವ ಕಾಲೇಜು ಎಂಬ ಮಾದರಿ ದೇಶದಾದ್ಯಂತ ಹಬ್ಬಿದಾಗ ಅದರೊಂದಿಗೆ ವಂತಿಗೆಯ ಪ್ರಶ್ನೆಯೂ ಹಬ್ಬಿತು. 2002ರಲ್ಲಿ ಟಿ. ಎಂ. ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಶಿಕ್ಷಣಸಂಸ್ಥೆಯನ್ನು ಸ್ಥಾಪಿಸಿ ನಡೆಸುವುದು ಸಂವಿಧಾನದತ್ತ ಹಕ್ಕು ಎಂದು ಎತ್ತಿಹಿಡಿಯಿತು. ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿಗತೆ ಇರಬಹುದು, ಲಾಭಕೋರತನ ಕೂಡದು ಎಂಬ ಗೆರೆಯನ್ನೂ ಎಳೆಯಿತು. ಮಿಗತೆಗೂ ಲಾಭಕ್ಕೂ ನಡುವೆ ಎಳೆದ ಆ ಗೆರೆ ಎಷ್ಟು ತೆಳು ಎಂಬುದನ್ನು ಸಭೆಯ ಶಾಲೆ ಕಾಲೇಜುಗಳ ಆಡಳಿತ ಮಂಡಳಿಗಳೂ ಬಲ್ಲವು. ನೇಕಾರನ ಎರಡಾಣೆಯಿಂದ ಹೊರಟ ದಾರಿಯ ಕೊನೆಯಲ್ಲಿ ನೇಕಾರನ ಮಗಳು ಕಾಲೇಜಿನ ಬಾಗಿಲಲ್ಲಿ ನಿಂತಾಗ ಅವಳಿಗೆ ಒಳಗೆ ಸ್ಥಳವಿದೆಯೇ? ಈ ಪ್ರಶ್ನೆಯನ್ನು ನಾವು ಇತರರಿಗಿಂತ ಮೊದಲು ನಮಗೇ ಹಾಕಿಕೊಳ್ಳಬೇಕು.

ಕಡಲ ಬಲೆ, ಕಾಪುವಿನ ನೆಲ

ಮಲ್ಪೆಯ ಕಡಲತೀರದಲ್ಲಿ ಇನ್ನೊಂದು ಪಾಠವಿದೆ. ರಾಂಪಣಿ ಎಂಬ ದೊಡ್ಡ ಬಲೆಯನ್ನು ದಡದಿಂದ ಎಳೆಯಲು ನೂರಾರು ಕೈಗಳು ಬೇಕಾಗುತ್ತಿದ್ದವು. ಬಲೆಯಲ್ಲಿ ಹಲವು ಮನೆಗಳ ಪಾಲು ಇರುತ್ತಿತ್ತು. ಎಳೆಯಲು ಕೈಕೊಟ್ಟವನೂ ಮೀನಿಲ್ಲದೆ ಮನೆಗೆ ಮರಳುತ್ತಿರಲಿಲ್ಲ. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿಗಳ ಹಿಂಡನ್ನು ದಡಕ್ಕೆ ಬರುವ ಮೊದಲೇ ಕಡಲಿನಲ್ಲಿ ಸುತ್ತುಗಟ್ಟಿ ಎತ್ತುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಾಂಪಣಿ ಮೂಲೆ ಸೇರಿತು. ಹಿಡಿದ ಮೀನಿನ ತೂಕ ಹೆಚ್ಚಿತು. ಮಂಜುಗಡ್ಡೆಯ ಕಾರ್ಖಾನೆ, ಲಾರಿ, ಬಂದರು ಬೆಳೆದವು. ಎಷ್ಟೋ ಮನೆಗಳು ಬಡತನದಿಂದ ಮೇಲೆದ್ದವು. ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಬೋಟಿಗೆ ಬಂಡವಾಳ ಹೂಡಬಲ್ಲವನೂ ಹೂಡಲಾರದವನೂ ಎಂದು ಒಂದೇ ಊರು ಎರಡಾಯಿತು. ಮುಂದೆ ಬೋಟುಗಳಲ್ಲಿ ಪ್ರಖರ ದೀಪ ಹೊತ್ತಿಸಿ ಮೀನನ್ನು ಸೆಳೆಯುವ ಪದ್ಧತಿ ಬಂದಾಗ, 2017ರಲ್ಲಿ ಕೇಂದ್ರ ಸರಕಾರವೇ ಅದನ್ನು ನಿಷೇಧಿಸಬೇಕಾಯಿತು. ಒಂದೊಂದು ಹೊಸ ತಂತ್ರವೂ ಹಿಂದಿನದಕ್ಕಿಂತ ದಕ್ಷವಾಗಿತ್ತು. ದಕ್ಷತೆಯ ಲೆಕ್ಕದಲ್ಲಿ ಕಡಲಿನ ಮರಿಮೀನೂ ದಡದಲ್ಲಿ ಕಾದು ನಿಂತವನೂ ಸೇರಿರಲಿಲ್ಲ.

ಮಲ್ಪೆಯಿಂದ ತೆಂಕಣಕ್ಕೆ ಕಾಪು ತಾಲೂಕಿಗೆ ಬಂದರೆ "ರಾಷ್ಟ್ರೀಯ" ಎಂಬ ವಿಶೇಷಣದ ಭಾರ ತಿಳಿಯುತ್ತದೆ. ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲನ್ನು ಉರಿಸುವ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಅದರ ಎರಡು ಘಟಕಗಳು 2010ರಿಂದ 2012ರ ನಡುವೆ ಉತ್ಪಾದನೆಗೆ ತೊಡಗಿದವು. ಪಾದೂರಿನಲ್ಲಿ ಬಂಡೆಯ ಒಡಲನ್ನು ಕೊರೆದು 25 ಲಕ್ಷ ಟನ್ ಕಚ್ಚಾತೈಲವನ್ನು ಆಪತ್ಕಾಲಕ್ಕಾಗಿ ಸಂಗ್ರಹಿಸಿಡುವ ವ್ಯವಸ್ಥೆಯಿದೆ. ಹೈಡೆಗರ್ ಹೇಳಿದ ದಾಸ್ತಾನು ಇಲ್ಲಿ ರೂಪಕವಲ್ಲ, ನೆಲದಡಿಯ ವಾಸ್ತವ. ಇಂಥವು ದೇಶಕ್ಕೆ ಬೇಕಾಗಿಯೂ ಇರಬಹುದು. ನಮ್ಮ ಪ್ರಾರ್ಥನಾಲಯಗಳ ದೀಪಗಳೂ ಆ ವಿದ್ಯುತ್ತಿನಿಂದಲೇ ಉರಿಯುತ್ತವೆ. ಆದರೆ ಈ ಊರುಗಳ ಸುತ್ತಮುತ್ತಲೇ ಶಂಕರಪುರದ ಮಲ್ಲಿಗೆಯ ತೋಟಗಳಿವೆ, ಮಟ್ಟುಗುಳ್ಳದ ಗದ್ದೆಗಳಿವೆ. ಮಲ್ಲಿಗೆ ಇಲ್ಲಿ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ. ದಿನದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಅಂಗಳದ ಹತ್ತಿಪ್ಪತ್ತು ಗಿಡಗಳಿಂದ ಮಕ್ಕಳ ಶಾಲೆಯ ಖರ್ಚನ್ನು ತೂಗಿಸಿದ ಕ್ರೈಸ್ತ ತಾಯಂದಿರು ಅಲ್ಲಿ ಅನೇಕರು. ಹಾರುಬೂದಿಯ ಬಗೆಗೂ ಬಾವಿಗಳಲ್ಲಿ ಉಪ್ಪಿನಂಶದ ಬಗೆಗೂ ಎಲ್ಲೂರಿನ ನೆರೆಹೊರೆಯವರು ಎತ್ತಿದ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಇಲ್ಲಿ ನಾವು ತೀರ್ಪುಗಾರರಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕು: ವಿದ್ಯುತ್ತಿನ ಲೆಕ್ಕ ಮೊದಲ ದಿನದಿಂದಲೇ ಯೂನಿಟ್ ಯೂನಿಟ್ಟಾಗಿ ಬರೆಯಲ್ಪಟ್ಟಿತು, ಬಾವಿನೀರಿನ ಲೆಕ್ಕವನ್ನು ಬರೆಸಲು ಜನರು ವರ್ಷಗಟ್ಟಲೆ ನ್ಯಾಯಾಲಯಗಳ ಬಾಗಿಲು ಬಡಿಯಬೇಕಾಯಿತು.

ಎಣಿಕೆಗೆ ಬಾರದ ಜಾಣ್ಮೆ

ಇನ್ನು, ನಾವೀನ್ಯದ ಕರ್ತೃಗಳೆಂದು ನಾವು ಯಾರನ್ನು ಎಣಿಸುತ್ತೇವೆ ಎಂಬ ಪ್ರಶ್ನೆ. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಕೊರಗ ಸಮುದಾಯದವರು ಕಾಡಿನ ಬಿಳಲುಗಳಿಂದ ಹೆಣೆಯುವ ಬುಟ್ಟಿಗಳಲ್ಲಿ ವಸ್ತುವಿನ ಗುಣ, ಭಾರದ ಹಂಚಿಕೆ, ಬಾಳಿಕೆಗಳ ಸೂಕ್ಷ್ಮ ಜ್ಞಾನವಿದೆ. ಪ್ಲಾಸ್ಟಿಕ್ ಬಂದಿತು, ಕಾಡಿನ ದಾರಿ ಮುಚ್ಚಿತು, ಬುಟ್ಟಿಯ ಬೇಡಿಕೆ ಕುಸಿಯಿತು. ಅವರ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಅತ್ಯಂತ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಅವರ ಹೆಸರಿದೆ. ನಾವೀನ್ಯದ ಯಾವ ಪಟ್ಟಿಯಲ್ಲಿಯೂ ಅವರ ಹೆಸರು ನಮ್ಮ ಕಣ್ಣಿಗೆ ಬಿದ್ದಿಲ್ಲ. 1983ರ ನೀತಿಯು ಪರಂಪರೆಯ ಕೌಶಲಗಳ ಬಗೆಗೆ ಆಡಿದ ಮಾತು ಇವರ ಅಂಗಳಕ್ಕೆ ಬಂದು ತಲುಪಲಿಲ್ಲ.

ಬೇರೆ ದಾರಿ ಇರಲಾರದೆಂದೇನೂ ಅಲ್ಲ. ಕಾರ್ಕಳದ ಕದಿಕೆ ಟ್ರಸ್ಟ್ ಅಳಿವಿನಂಚಿಗೆ ಬಂದ ಉಡುಪಿ ಸೀರೆಯ ನೇಯ್ಗೆಯನ್ನು ತಾಳಿಪಾಡಿಯ ನೇಕಾರರ ಸಹಕಾರಿ ಸಂಘದೊಂದಿಗೆ ಕೂಡಿ ಎತ್ತಿ ನಿಲ್ಲಿಸುತ್ತಿರುವುದು ಗಮನಾರ್ಹ. ಹಳೆಯ ನೇಕಾರರನ್ನು ಗೌರವಿಸಿ, ಹೊಸಬರಿಗೆ ಕಲಿಸಿ, ನೈಸರ್ಗಿಕ ಬಣ್ಣಗಳನ್ನು ಮತ್ತೆ ಬಳಕೆಗೆ ತಂದ ಈ ಕೆಲಸ ನಿಟ್ಟೆಯ ಪ್ರಯೋಗಾಲಯಗಳಿಗೆ ವಿರೋಧಿಯಲ್ಲ. ಅದೇ ತಾಲೂಕಿನ ಈ ಎರಡು ಜಾಣ್ಮೆಗಳು ಒಂದೇ ಜಗಲಿಯಲ್ಲಿ ಕುಳಿತು ಮಾತಾಡಿದರೆ ಏನಾದೀತು ಎಂಬುದು ಆಲೋಚಿಸತಕ್ಕ ವಿಷಯ.

ಮನೆವಾರ್ತೆಯ ಲೆಕ್ಕ

ಪಾಶ್ಚಾತ್ಯ ಭಾಷೆಗಳಲ್ಲಿ ಪರಿಸರ ವ್ಯವಸ್ಥೆಯನ್ನು ಸೂಚಿಸುವ ಪದದ ಮೊದಲ ಭಾಗ ಗ್ರೀಕಿನ "ಒಯ್ಕೊಸ್", ಅಂದರೆ ಮನೆ. ಅದೇ ಬೇರಿನಿಂದ ಹುಟ್ಟಿದ "ಒಯ್ಕೊನೊಮೊಸ್" ಎಂಬ ಪದವನ್ನು ನಮ್ಮ ಸತ್ಯವೇದದ ಭಾಷಾಂತರಕಾರರು "ಮನೆವಾರ್ತೆಯವನು" ಎಂದು ಕನ್ನಡಿಸಿದರು. ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ ಯಜಮಾನನು ಮನೆವಾರ್ತೆಯವನನ್ನು ಕರೆದು ಮೊದಲು ಕೇಳುವುದು ಲೆಕ್ಕವನ್ನು. ಪೌಲನು ಕೊರಿಂಥದವರಿಗೆ ಬರೆಯುತ್ತ ಮನೆವಾರ್ತೆಯವನಿಂದ ನಿರೀಕ್ಷಿಸುವುದು ನಂಬಿಗಸ್ತಿಕೆಯನ್ನು. ಸ್ವತ್ತು ಅವನದಲ್ಲ; ಜಾಣ್ಮೆ ಅವನದಿರಬಹುದು, ಆದರೆ ಲೆಕ್ಕ ಕೇಳುವವನು ಬೇರೊಬ್ಬನಿದ್ದಾನೆ. ರೂಪಕಗಳ ನಡುವಣ ವ್ಯತ್ಯಾಸ ಇಲ್ಲಿದೆ. ಪರಿಸರ ವ್ಯವಸ್ಥೆಯಲ್ಲಿ ಬದುಕುಳಿದವನು ಗೆದ್ದವನು. ಮನೆವಾರ್ತೆಯಲ್ಲಿ ಮನೆಯ ಕೊನೆಯ ಕೂಸಿಗೂ ಹೊತ್ತಿಗೆ ಸರಿಯಾಗಿ ಊಟ ದೊರೆಯಿತೇ ಎಂಬುದೇ ಪರೀಕ್ಷೆ.

ಸತ್ಯವೇದವು ಕೌಶಲವನ್ನು ಹಗುರವಾಗಿ ಕಾಣುವುದಿಲ್ಲ. ವಿಮೋಚನಾಕಾಂಡದಲ್ಲಿ ದೇವರ ಆತ್ಮವು ಬೆಚಲೇಲನೆಂಬ ಕುಶಲಕರ್ಮಿಯನ್ನು ತುಂಬುತ್ತದೆ. ಯೆಶಾಯನು ಕಾಳು ಬಡಿಯುವ ರೈತನ ಅರಿವೂ ಯೆಹೋವನ ಉಪದೇಶವೆನ್ನುತ್ತಾನೆ. ಅದೇ ಸತ್ಯವೇದದಲ್ಲಿ ಬಾಬೆಲಿನ ಜನರು ಕಲ್ಲಿನ ಬದಲಿಗೆ ಸುಟ್ಟ ಇಟ್ಟಿಗೆಯನ್ನು ಬಳಸುವ ಹೊಸ ಉಪಾಯದಿಂದ ಹೆಸರು ಗಳಿಸಲು ಹೊರಡುತ್ತಾರೆ; ಐಗುಪ್ತದಲ್ಲಿ ಅದೇ ಇಟ್ಟಿಗೆ ದಿನದ ಲೆಕ್ಕದ ದಾಸತ್ವವಾಗುತ್ತದೆ. ಇಟ್ಟಿಗೆ ಒಂದೇ. ಯಾರ ಹೆಸರಿಗಾಗಿ, ಯಾರ ಬೆನ್ನಿನ ಮೇಲೆ ಎಂಬ ಪ್ರಶ್ನೆಗಳು ಬೇರೆ.

ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಒಂದು ಪುಟ್ಟ ವಿಧಿಯಿದೆ. ಹೊಸ ಮನೆ ಕಟ್ಟಿಸುವವನು ಮಾಳಿಗೆಯ ಸುತ್ತಲೂ ತಡೆಗೋಡೆಯನ್ನು ಕಟ್ಟಿಸಬೇಕು. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ಆ ಮನೆಯ ಮೇಲೆ ಬರುತ್ತದೆ. ಈ ವಿಧಿ ಹೊಸ ಮನೆಯನ್ನು ಬೇಡವೆನ್ನುವುದಿಲ್ಲ. ಬಿದ್ದವನೇ ಎಚ್ಚರವಾಗಿರಬೇಕಿತ್ತು ಎಂದೂ ಹೇಳುವುದಿಲ್ಲ. ಕಟ್ಟುವವನು ಕಟ್ಟುವಾಗಲೇ ಬೀಳಬಹುದಾದವನನ್ನು ನೆನೆಯಬೇಕು, ಗೋಡೆಯ ಖರ್ಚು ಕಟ್ಟಡದ ಖರ್ಚಿನಲ್ಲಿಯೇ ಸೇರಬೇಕು ಎನ್ನುತ್ತದೆ. ನಾವೀನ್ಯದ ಬಗೆಗೆ ಇದಕ್ಕಿಂತ ನೇರವಾದ ತತ್ತ್ವವನ್ನು ನಾವು ಬೇರೆಲ್ಲಿಯೂ ಕಾಣೆವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಡ ದೇಶಕ್ಕೆ ವೇಗ ಬೇಕು, ಪ್ರತಿಯೊಬ್ಬನನ್ನೂ ಕೇಳುತ್ತ ಕುಳಿತರೆ ಆಸ್ಪತ್ರೆಯೂ ಏಳದು, ವಿದ್ಯುತ್ತೂ ಬಾರದು ಎಂದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಾಲರಾ, ಸಿಡುಬುಗಳ ಕಾಲವನ್ನು ಸುವರ್ಣಯುಗವೆಂದು ವರ್ಣಿಸುವ ಹಕ್ಕು ನಮಗಿಲ್ಲ, 1923ರಲ್ಲಿ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದದ್ದು ಆಧುನಿಕ ವೈದ್ಯವಿಜ್ಞಾನವನ್ನು ನಂಬಿಯೇ. ಆದರೆ ವೇಗದ ವಾದವನ್ನು ಮಂಡಿಸುವವರು ಸಾಮಾನ್ಯವಾಗಿ ಬೀಳುವ ಮಾಳಿಗೆಯ ಅಂಚಿನಲ್ಲಿ ನಿಂತವರಲ್ಲ. ಪಿಗ್ಮಿ ಠೇವಣಿಯ ಉದಾಹರಣೆ ನೆನಪಿರಲಿ: ಬಡವನ ಬಾಗಿಲಿಗೆ ದಿನವೂ ನಡೆಯುವ ಆ ನಿಧಾನದಿಂದಲೇ ಒಂದು ದೊಡ್ಡ ಬ್ಯಾಂಕು ಬೆಳೆಯಿತು. ಜಾಗತಿಕ ಸಭೆಗಳ ಒಕ್ಕೂಟವು 1970ರ ದಶಕದಲ್ಲಿ ನ್ಯಾಯಯುತವೂ ಜನರ ಪಾಲುಗಾರಿಕೆಯುಳ್ಳದ್ದೂ ಬಾಳಿಕೆ ಬರುವಂಥದ್ದೂ ಆದ ಸಮಾಜವನ್ನು ಕುರಿತು ಚಿಂತಿಸಿದಾಗ, 1979ರಲ್ಲಿ ವಿಶ್ವಾಸ ಮತ್ತು ವಿಜ್ಞಾನಗಳನ್ನು ಕುರಿತು ಸಮ್ಮೇಳನ ನಡೆಸಿದಾಗ, ಪಾಲುಗಾರಿಕೆಯನ್ನು ನ್ಯಾಯದ ಪಕ್ಕದಲ್ಲಿಯೇ ಇಟ್ಟದ್ದು ಅರ್ಥಪೂರ್ಣ. ಕೇಳದೆ ಕೊಟ್ಟ ಉಪಕಾರವೂ ಒಂದು ಬಗೆಯ ಅಧಿಕಾರವೆಂಬುದನ್ನು ಮಿಷನಿನ ಹಂಚಿನ ಕಾರ್ಖಾನೆ ನಮಗೆ ಕಲಿಸಿದೆ.

ಹಾಗಾದರೆ ಸಭೆಯು ಮಾಡಬೇಕಾದುದೇನು? ಮೊದಲನೆಯದಾಗಿ, ತನ್ನ ಸಂಸ್ಥೆಗಳ ಲೆಕ್ಕವನ್ನು ತಾನೇ ಮುಂದಾಗಿ ತೆರೆದಿಡುವುದು. ಸಭೆಯ ಸ್ಥಳದಲ್ಲಿ ಹೊಸ ಕಟ್ಟಡವೋ ಹೊಸ ಕೋರ್ಸೋ ಬರುವಾಗ ಯಾರನ್ನು ಕೇಳಿದೆವು, ಯಾರು ಶುಲ್ಕ ತೆರಲಾರದೆ ಹಿಂದಿರುಗಿದರು ಎಂಬುದು ವಾರ್ಷಿಕ ವರದಿಯಲ್ಲಿ ಬರಬೇಕು. ಎರಡನೆಯದಾಗಿ, ದೈವಶಾಸ್ತ್ರದ ವಿದ್ಯಾರ್ಥಿಗಳು ಗ್ರೀಕ್ ಪಾಠಗಳ ಜೊತೆಗೆ ಎಲ್ಲೂರಿನ ಬಾವಿಕಟ್ಟೆಯಲ್ಲಿಯೂ ಮಲ್ಪೆಯ ದಕ್ಕೆಯಲ್ಲಿಯೂ ಕೊರಗರ ಕಾಲೊನಿಯಲ್ಲಿಯೂ ಕೆಲವು ದಿನ ಕುಳಿತು ಕೇಳಬೇಕು, ಉಪದೇಶಿಸಲು ಅಲ್ಲ, ಬರೆದುಕೊಳ್ಳಲು. ಮೂರನೆಯದಾಗಿ, ಮಣಿಪಾಲ, ನಿಟ್ಟೆಗಳಲ್ಲಿ ದುಡಿಯುವ ನಮ್ಮ ಎಂಜಿನಿಯರರನ್ನೂ ವೈದ್ಯರನ್ನೂ ಕಾಣಿಕೆ ಕೊಡುವವರೆಂದು ಮಾತ್ರ ಎಣಿಸದೆ ಮನೆವಾರ್ತೆಯವರೆಂದು ಕಂಡು, ಅವರ ಕಸುಬಿನ ಆತಂಕಗಳು ಸಭೆಯಲ್ಲಿ ಮಾತಿಗೆ ಬರುವಂತೆ ಮಾಡಬೇಕು. ತಾನು ರಚಿಸುತ್ತಿರುವ ಯಂತ್ರ ಯಾರ ಕೆಲಸವನ್ನು ಕಸಿದೀತು ಎಂದು ರಾತ್ರಿ ನಿದ್ದೆಗೆಡುವ ತರುಣನಿಗೆ ಭಾನುವಾರದ ಆರಾಧನೆಯಲ್ಲಿ ಹೇಳಲು ಒಂದು ಮಾತು ನಮ್ಮಲ್ಲಿಲ್ಲದಿದ್ದರೆ, ಅವನು ನಮ್ಮನ್ನು ಬಿಟ್ಟುಹೋದದ್ದಕ್ಕೆ ಕಾಲವನ್ನು ದೂರಿ ಪ್ರಯೋಜನವಿಲ್ಲ.

ರಾಷ್ಟ್ರವು ಹೊಸ ಮನೆಯನ್ನು ಕಟ್ಟುತ್ತಿದೆ. ಕಟ್ಟಲಿ, ಆ ಕೆಲಸದಲ್ಲಿ ಕೈಗೂಡಿಸುವುದು ನಮ್ಮ ಕರ್ತವ್ಯವೂ ಹೌದು. ಆದರೆ ಮಾಳಿಗೆಯ ಅಂಚಿನಲ್ಲಿ ಗೋಡೆ ಎದ್ದಿದೆಯೇ ಎಂದು ಕೇಳುವವರು ಬೇಕು. ಆ ಕೇಳುವಿಕೆಯನ್ನು ಅಭಿವೃದ್ಧಿಗೆ ಅಡ್ಡಗಾಲೆಂದು ಕರೆದರೂ ಸಭೆಯು ಅದನ್ನು ಬಿಡಲಾಗದು. ಬಿದ್ದವನ ರಕ್ತದ ಲೆಕ್ಕವನ್ನು ಕೇಳುವಾತನು ನಮ್ಮನ್ನೂ ಕೇಳಲಿದ್ದಾನೆ.